ತಡವಾಗಿ ಕಂಡ ತಪ್ಪನ್ನು ಮುಚ್ಚಬೇಡಿ, ಸರಿದೂಗಿಸಲೂ ಹೋಗಬೇಡಿ: ನಮ್ಮ ಬ್ಯಾಸ್ಕೆಟ್‌ಬಾಲ್ ರೆಫ್ರಿಗಳಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಬ್ಯಾಸ್ಕೆಟ್‌ಬಾಲ್ ರೆಫ್ರಿಗಳಿಗೆ, ಸ್ಕೋರ್, ಗಡಿಯಾರ ನೋಡಿಕೊಳ್ಳಲು ಟೇಬಲ್‌ನಲ್ಲಿ ಕೂರುವ ಗೆಳೆಯ ಗೆಳತಿಯರಿಗೆ, ಶಾಲೆ ಕಾಲೇಜು ಟೂರ್ನಿ ನಡೆಸುವ ಪಿ.ಟಿ. ಮೇಷ್ಟ್ರುಗಳಿಗೆ ಮತ್ತು ಮೇಡಂಗಳಿಗೆ,

ನಮಸ್ಕಾರ.

ನಾನು ಸ್ಕೋರ್‌ಶೀಟ್ ಬರೆಯುವವಳು. ಹದಿನೆಂಟು ವರ್ಷದಿಂದ ಬರೆಯುತ್ತಿದ್ದೇನೆ. ಒಂದನೇ ಮತ್ತು ಮೂರನೇ ಕ್ವಾರ್ಟರ್‌ಗೆ ಕೆಂಪು ಪೆನ್, ಎರಡು ಮತ್ತು ನಾಲ್ಕಕ್ಕೆ ನೀಲಿ ಪೆನ್. ಈ ಎರಡೂ ನನ್ನ ಬ್ಯಾಗಿನಲ್ಲಿ ಸದಾ ಇರುತ್ತವೆ. ನಿಮ್ಮಲ್ಲಿ ಎಷ್ಟೋ ಜನರ ಜೊತೆ ಕೆಲಸ ಮಾಡಿದ್ದೇನೆ. ಕಾದ ಸಿಮೆಂಟ್ ಕೋರ್ಟಿನಲ್ಲಿ ದಿನಕ್ಕೆ ನಾಲ್ಕೈದು ಪಂದ್ಯ ಓಡಿ, ಸಂಜೆ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ಕೂರುವ ನಿಮ್ಮನ್ನು ಹತ್ತಿರದಿಂದ ನೋಡಿದ್ದೇನೆ. ನಿಮ್ಮ ಮೇಲೆ ದೂರು ಹೇಳಲು ಈ ಪತ್ರ ಬರೆಯುತ್ತಿಲ್ಲ. ಒಂದು ವಿಷಯ ಹನ್ನೊಂದು ವರ್ಷದಿಂದ ನನ್ನೊಳಗೆ ಕೂತಿದೆ. ಅದನ್ನು ನಿಮ್ಮ ಮುಂದೆ ಇಡಬೇಕು.

ಅದೊಂದು ಹದಿನಾರು ವರ್ಷದೊಳಗಿನ ಹುಡುಗಿಯರ ಪಂದ್ಯ. ಊರಿನ ಹೆಸರು ಬೇಡ. ನಾಲ್ಕನೇ ಕ್ವಾರ್ಟರ್, ಆಟ ಮುಗಿಯಲು ಐದು ನಿಮಿಷ ಇತ್ತು. ಒಂದು ತಂಡದ್ದು ನೀಲಿ ಜೆರ್ಸಿ, ಇನ್ನೊಂದರದ್ದು ಹಳದಿ. ನೀಲಿ ತಂಡದ ಹುಡುಗಿ ಫೌಲ್ ಮಾಡಿದಳು. ಅದು ಆ ಕ್ವಾರ್ಟರ್‌ನಲ್ಲಿ ಅವರ ಐದನೇ ಟೀಮ್ ಫೌಲ್, ಅಂದರೆ ತಂಡದ ಎಲ್ಲರ ಫೌಲ್ ಸೇರಿಸಿದ ಲೆಕ್ಕ. ನಾಲ್ಕು ಆದ ಮೇಲೆ ಐದನೆಯದರಿಂದ ಎದುರು ತಂಡಕ್ಕೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದೆ ಬಾಸ್ಕೆಟ್‌ಗೆ ಎಸೆಯುವ ಅವಕಾಶ) ಸಿಗಬೇಕು, ನಿಮಗೆಲ್ಲ ಗೊತ್ತು. ಆದರೆ ಶೀಟ್‌ನಲ್ಲಿ ಅದು ನಾಲ್ಕನೆಯದು ಅಂತ ಇತ್ತು. ಅದಕ್ಕೂ ಮೊದಲಿನ ಒಂದು ಫೌಲನ್ನು ನಾನು ಆಟಗಾರ್ತಿಯ ಹೆಸರಿನ ಮುಂದೆ ಬರೆದಿದ್ದೆ, ಟೀಮ್ ಫೌಲ್ ಸಾಲಿನಲ್ಲಿ ಹೊಡೆದಿರಲಿಲ್ಲ. ನಾಲ್ಕು ಟೀಮ್ ಫೌಲ್ ಆಯಿತು ಅಂತ ತೋರಿಸುವ ಕೆಂಪು ಗುರುತನ್ನು ಟೇಬಲ್ ತುದಿಗೆ ಇಟ್ಟಿರಲಿಲ್ಲ. ತಪ್ಪು ನನ್ನದು. ರೆಫ್ರಿ ಟೇಬಲ್ ಕಡೆ ನೋಡಿದರು, ಗುರುತು ಕಾಣಲಿಲ್ಲ, ಹಳದಿ ತಂಡಕ್ಕೆ ಸೈಡಿನಿಂದ ಬಾಲ್ ಕೊಟ್ಟರು. ಹಳದಿಯವರು ಎರಡು ಪಾಸ್ ಮಾಡಿ ಬಾಲ್ ಕಳೆದುಕೊಂಡರು. ನೀಲಿಯವರು ಓಡಿಹೋಗಿ ಬಾಸ್ಕೆಟ್ ಮಾಡಿದರು. ಆಟ ಮುಂದುವರಿಯಿತು.

ಒಂದೂವರೆ ನಿಮಿಷ ಕಳೆದ ಮೇಲೆ ಹಳದಿ ತಂಡದ ಕೋಚ್ ಟೇಬಲ್ ಹತ್ತಿರ ಬಂದರು. ಅವರು ತಮ್ಮದೇ ನೋಟ್‌ಬುಕ್ಕಿನಲ್ಲಿ ಫೌಲ್ ಲೆಕ್ಕ ಇಟ್ಟಿದ್ದರು. ಎಲ್ಲರೂ ಸೇರಿ ಎಣಿಸಿದೆವು. ಅವರ ಮಾತು ನಿಜವಾಗಿತ್ತು. ರೆಫ್ರಿ ನನ್ನ ಮುಖ ನೋಡಿದರು, ಕೋಚ್ ಮುಖ ನೋಡಿದರು. "ಈಗ ಏನೂ ಮಾಡೋಕಾಗಲ್ಲ ಸರ್, ನಾನು ನೋಡ್ಕೋತೀನಿ" ಅಂದರು. ಆ 'ನೋಡ್ಕೋತೀನಿ' ಅನ್ನುವುದರ ಅರ್ಥ ಒಂದೇ ನಿಮಿಷದಲ್ಲಿ ಗೊತ್ತಾಯಿತು. ಹಳದಿ ಹುಡುಗಿ ಬಾಸ್ಕೆಟ್ ಕಡೆ ನುಗ್ಗಿದಳು. ನೀಲಿ ಹುಡುಗಿ ಎರಡೂ ಕೈ ಮೇಲೆತ್ತಿ ನೆಟ್ಟಗೆ ನಿಂತಿದ್ದಳು. ನಿಂತಲ್ಲಿಂದ ಅಲುಗಾಡಲಿಲ್ಲ. ವಿಸಲ್ ಬಂತು. ಫೌಲ್, ಎರಡು ಫ್ರೀ ಥ್ರೋ.

ಅದು ಆ ಹುಡುಗಿಯ ಐದನೇ ಫೌಲ್. ಅವಳು ಹೊರಗೆ ಹೋಗಬೇಕಾಯಿತು. ಅವಳ ಹೆಸರಿನ ಮುಂದಿನ ಕೊನೆಯ ಚೌಕದಲ್ಲಿ ನಾನೇ ನೀಲಿ ಪೆನ್ನಿನಲ್ಲಿ ಬರೆದೆ. ಅವಳು ಅಳಲಿಲ್ಲ. ಟೇಬಲ್ ಕಡೆ ತಿರುಗಿ, "ಮೇಡಂ, ನಾನೇನ್ ಮಾಡ್ದೆ?" ಅಂತ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಇತ್ತು, ಹೇಳುವ ಧೈರ್ಯ ಇರಲಿಲ್ಲ ಅನ್ನುವುದೇ ಸರಿ. ಹಳದಿಯವರು ಎರಡೂ ಫ್ರೀ ಥ್ರೋ ಹಾಕಿದರು. ನೀಲಿ ತಂಡ ಒಂದು ಪಾಯಿಂಟ್‌ನಿಂದ ಸೋತಿತು. ಪಂದ್ಯ ಮುಗಿದ ಮೇಲೆ ಟೀ ಕುಡಿಯುತ್ತಾ ರೆಫ್ರಿ ಹೇಳಿದರು: "ಬಿಡಿ ಮೇಡಂ, ಲೆಕ್ಕ ಸರಿಹೋಯ್ತು." ನನಗೆ ಬೇಜಾರಾಗಬಾರದು ಅಂತ ಹೇಳಿದ್ದು. ಅವರು ಒಳ್ಳೆಯ ಮನುಷ್ಯ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಅಂತಾರಲ್ಲ, ಅಲ್ಲಿ ಆಗಿದ್ದು ಅದೇ. ತಪ್ಪು ಟೇಬಲ್‌ನದ್ದು. ಬರೆ ಬಿದ್ದಿದ್ದು ಕೈ ಎತ್ತಿ ಸರಿಯಾಗಿ ನಿಂತ ಒಂದು ಮಗುವಿಗೆ.

ಈ 'ಸರಿದೂಗಿಸುವ ವಿಸಲ್' ಬೇಡ ಅಂತ ಕೇಳಿಕೊಳ್ಳಲೇ ನಾನು ಬರೆಯುತ್ತಿರುವುದು. ನಿಯಮ ಬಿಟ್ಟ ಕಡೆ ನಾವು ನ್ಯಾಯ ತುಂಬಲು ಹೋಗುತ್ತೇವೆ. ಆದರೆ ನಿಯಮ ಇದನ್ನೆಲ್ಲ ಯೋಚಿಸದೆ ಬಿಟ್ಟಿಲ್ಲ. ತಡವಾಗಿ ಕಂಡ ತಪ್ಪಿಗೆ ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಒಕ್ಕೂಟವಾದ ಫಿಬಾದ ನಿಯಮಪುಸ್ತಕದಲ್ಲಿ ಪ್ರತ್ಯೇಕ ಜಾಗವೇ ಇದೆ. 44ನೇ ನಿಯಮ. ನಮ್ಮ ತಾಲೂಕು, ಜಿಲ್ಲಾ ಪಂದ್ಯಗಳಲ್ಲಿ ನಾನು ಅತಿ ಕಡಿಮೆ ಕೇಳಿದ ನಿಯಮವೂ ಅದೇ.

ಆ ನಿಯಮ ಸರಿಪಡಿಸಲು ಬಿಡುವುದು ನಾಲ್ಕೇ ನಾಲ್ಕು ತಪ್ಪನ್ನು. ಸಿಗಬಾರದ ಫ್ರೀ ಥ್ರೋ ಕೊಟ್ಟಿದ್ದು. ಸಿಗಬೇಕಾದ ಫ್ರೀ ಥ್ರೋ ಕೊಡದೆ ಇದ್ದಿದ್ದು. ಪಾಯಿಂಟನ್ನು ತಪ್ಪಾಗಿ ಕೊಟ್ಟಿದ್ದು ಅಥವಾ ತಪ್ಪಾಗಿ ರದ್ದು ಮಾಡಿದ್ದು. ಒಬ್ಬರ ಬದಲು ಇನ್ನೊಬ್ಬರು ಫ್ರೀ ಥ್ರೋ ಎಸೆದಿದ್ದು. ಇಷ್ಟೇ. ಟ್ರಾವೆಲ್ (ಬಾಲ್ ಹಿಡಿದು ಹೆಚ್ಚು ಹೆಜ್ಜೆ ಇಟ್ಟಿದ್ದು) ನೋಡಲಿಲ್ಲ, ಡಬಲ್ ಡ್ರಿಬಲ್ (ಬಾಲ್ ಹಿಡಿದು ಮತ್ತೆ ಪುಟಿಸಿದ್ದು) ಬಿಟ್ಟುಹೋಯಿತು, ಲೈನ್ ತುಳಿದಿದ್ದು ಕಾಣಲಿಲ್ಲ ಅನ್ನುವುದು ಯಾವುದೂ ಇದರಲ್ಲಿ ಬರುವುದಿಲ್ಲ. ಎರಡು ಪಾಸ್ ಆದ ಮೇಲೆ "ಅಯ್ಯೋ, ಅದು ಟ್ರಾವೆಲ್ ಆಗಿತ್ತು" ಅಂತ ಹೊಳೆದರೆ ವಿಸಲ್ ಬಾಯಿಂದ ತೆಗೆದುಬಿಡಿ. ಅದು ಹೋಯಿತು.

ಈ ನಾಲ್ಕಕ್ಕೂ ಗಡುವು ಇದೆ. ತಪ್ಪಾದ ಮೇಲೆ ಆಟದ ಗಡಿಯಾರ ಓಡಲು ಶುರುವಾಗುತ್ತದೆ. ಆಮೇಲೆ ಮೊದಲ ಸಲ ಬಾಲ್ ಡೆಡ್ ಆಗುತ್ತದೆ, ಅಂದರೆ ಆಟ ನಿಲ್ಲುತ್ತದೆ. ಆ ಬಾಲ್ ಮತ್ತೆ ಲೈವ್ ಆಗಿ ಆಟಕ್ಕೆ ಬರುವುದರೊಳಗೆ ತಪ್ಪು ಗಮನಕ್ಕೆ ಬರಬೇಕು. ನನ್ನ ಪಂದ್ಯವನ್ನೇ ತೆಗೆದುಕೊಳ್ಳಿ. ನೀಲಿಯವರು ಬಾಸ್ಕೆಟ್ ಮಾಡಿದಾಗ ಬಾಲ್ ಡೆಡ್ ಆಯಿತು. ಹಳದಿ ಹುಡುಗಿ ಬಾಲ್ ಎತ್ತಿಕೊಂಡು ಎಂಡ್ ಲೈನ್ ಹಿಂದೆ ಹೋಗಿ ನಿಲ್ಲಲು ಎರಡು ಮೂರು ಸೆಕೆಂಡ್ ಬೇಕಾಯಿತು. ಬಾಗಿಲು ತೆರೆದಿದ್ದು ಅಷ್ಟು ಹೊತ್ತು. ಆಗ ನಾನು ಹಾರ್ನ್ ಒತ್ತಿದ್ದರೆ ಹಳದಿಗೆ ಅವರ ಎರಡು ಫ್ರೀ ಥ್ರೋ ಸಿಗುತ್ತಿತ್ತು. ನೀಲಿಯವರ ಬಾಸ್ಕೆಟ್ ಕೂಡ ಉಳಿಯುತ್ತಿತ್ತು. ಆಮೇಲೆ ಎಲ್ಲಿ ನಿಂತಿತ್ತೋ ಅಲ್ಲಿಂದಲೇ, ಹಳದಿಯವರ ಎಂಡ್ ಲೈನ್ ಬಾಲ್‌ನಿಂದಲೇ, ಆಟ ಮುಂದುವರಿಯುತ್ತಿತ್ತು. ಬಾಲ್ ಅವಳ ಕೈಗೆ ಬಂದು ಥ್ರೋ-ಇನ್‌ಗೆ (ಲೈನ್ ಹೊರಗಿನಿಂದ ಒಳಗೆ ಎಸೆಯಲು) ಸಿದ್ಧವಾದ ಕ್ಷಣವೇ ಬಾಗಿಲು ಮುಚ್ಚಿತು.

ಗಡುವು ಇಷ್ಟು ಚಿಕ್ಕದು ಯಾಕೆ? ಮೊದಲು ನನಗೂ ಇದು ಕ್ರೂರ ಅನಿಸುತ್ತಿತ್ತು. ಈಗ ಹಾಗನಿಸುವುದಿಲ್ಲ. ಆಟದಲ್ಲಿ ಒಂದಾದ ಮೇಲೆ ಒಂದು ಬರುತ್ತದೆ, ಪ್ರತಿಯೊಂದೂ ಹಿಂದಿನದನ್ನು ಹಿಡಿದುಕೊಂಡೇ ಬರುತ್ತದೆ. ಸ್ಕೋರ್‌ಬೋರ್ಡ್ ನೋಡಿ ಕೋಚ್ ಟೈಮ್‌ಔಟ್ ಕೇಳುತ್ತಾರೆ. ಒಂದು ಪಾಯಿಂಟ್ ಹಿಂದಿದ್ದರೆ ಬೇಕಂತಲೇ ಫೌಲ್ ಮಾಡಿ ಗಡಿಯಾರ ನಿಲ್ಲಿಸುತ್ತಾರೆ. ಮೂರು ಹಿಂದಿದ್ದರೆ ದೂರದಿಂದ ಎಸೆಯುತ್ತಾರೆ. ನಾಲ್ಕು ಫೌಲ್ ಆಗಿರುವ ಹುಡುಗಿಯನ್ನು ಬೆಂಚಿನಲ್ಲಿ ಕೂರಿಸುತ್ತಾರೆ. ಒಂದೂವರೆ ನಿಮಿಷದ ಹಿಂದಿನ ಎರಡು ಫ್ರೀ ಥ್ರೋವನ್ನು ಈಗ ತಂದು ಸೇರಿಸಿದರೆ, ಆ ಒಂದೂವರೆ ನಿಮಿಷದಲ್ಲಿ ಹತ್ತು ಜನ ತೆಗೆದುಕೊಂಡ ಎಲ್ಲ ನಿರ್ಧಾರವೂ ತಪ್ಪು ಲೆಕ್ಕದ ಮೇಲೆ ನಿಂತುಬಿಡುತ್ತದೆ. ಒಬ್ಬರಿಗೆ ನ್ಯಾಯ ಕೊಡಲು ಹೋಗಿ ಇಡೀ ಆಟವನ್ನು ಬೇರೆ ಆಟ ಮಾಡಿದ ಹಾಗಾಗುತ್ತದೆ. ಅದಕ್ಕೇ ನಿಯಮ ಹೇಳುತ್ತದೆ: ತಪ್ಪು ಆದ ಮೇಲೆ, ಅದು ಗೊತ್ತಾಗುವ ಮೊದಲು ಬಂದ ಪಾಯಿಂಟ್, ಆದ ಫೌಲ್, ಕಳೆದ ಸಮಯ ಎಲ್ಲವೂ ಹಾಗೇ ಉಳಿಯುತ್ತದೆ.

ಕೆಲವು ಕಡೆ ಇದೇ ನಿಯಮಪುಸ್ತಕ ಎಷ್ಟು ಮೃದುವಾಗಿದೆ ನೋಡಿ. ಜಂಪ್ ಬಾಲ್ ಸನ್ನಿವೇಶದಲ್ಲಿ, ಅಂದರೆ ಎರಡೂ ತಂಡದವರು ಒಟ್ಟಿಗೆ ಬಾಲ್ ಹಿಡಿದುಬಿಟ್ಟಂಥ ಹೊತ್ತಲ್ಲಿ, ಬಾಲ್ ಯಾರಿಗೆ ಅಂತ ತೋರಿಸುವ ಆ್ಯರೋ ಇರುತ್ತದಲ್ಲ, ಅದನ್ನು ತಪ್ಪಾಗಿ ಓದಿ ಬಾಲನ್ನು ಇನ್ನೊಂದು ತಂಡಕ್ಕೆ ಕೊಟ್ಟುಬಿಟ್ಟೆವು ಅಂತಿಟ್ಟುಕೊಳ್ಳಿ. ಬಾಲ್ ಒಳಗೆ ಬಂದು ಯಾರಾದರೂ ಮುಟ್ಟಿದ ಮೇಲೆ ಅದನ್ನು ತಿದ್ದುವ ಹಾಗಿಲ್ಲ. ಆದರೆ ಮೋಸಹೋದ ತಂಡದ ಹಕ್ಕು ಸಾಯುವುದಿಲ್ಲ. ಮುಂದಿನ ಸಲದ ಬಾಲ್ ಅವರದ್ದು. ಇನ್ನೊಂದು: ಎರಡೂ ತಂಡ ತಪ್ಪು ದಿಕ್ಕಿಗೆ ಆಡುತ್ತಿರುವುದು ತಡವಾಗಿ ಗೊತ್ತಾದರೆ, ಯಾರಿಗೂ ತೊಂದರೆ ಆಗದ ಹಾಗೆ ಆಟ ನಿಲ್ಲಿಸಿ ದಿಕ್ಕು ಸರಿಮಾಡಬೇಕು. ಅಲ್ಲಿವರೆಗೆ ಬಂದ ಪಾಯಿಂಟ್ ಎಲ್ಲ ಉಳಿಯುತ್ತದೆ. ಐದು ಜನರ ಬದಲು ಆರು ಜನ ಕೋರ್ಟಿನಲ್ಲಿ ಇದ್ದಿದ್ದು ತಡವಾಗಿ ಕಂಡರೆ ಒಬ್ಬರನ್ನು ಹೊರಗೆ ಕಳಿಸಿ, ಕೋಚ್ ಮೇಲೆ ಟೆಕ್ನಿಕಲ್ ಫೌಲ್ (ಮೈ ತಾಗದೆ ನಿಯಮ ಮೀರಿದ್ದಕ್ಕೆ ಹಾಕುವ ಫೌಲ್) ಹಾಕಬೇಕು. ಆ ಆರನೆಯವರು ಹಾಕಿದ ಬಾಸ್ಕೆಟ್ ಕೂಡ ಉಳಿಯುತ್ತದೆ. ಇವೆಲ್ಲದರಲ್ಲೂ ಒಂದೇ ಗುಣ ಇದೆ ಅಲ್ವಾ? ಆಗಿದ್ದನ್ನು ಅಳಿಸಲು ಹೋಗುವುದಿಲ್ಲ. ಇಲ್ಲಿಂದ ಮುಂದೆ ಸರಿಮಾಡುತ್ತದೆ.

ಶೀಟ್ ಬರೆಯುವಾಗಿನ ತಪ್ಪು ಬೇರೆ. ಇದನ್ನು ಎಷ್ಟೋ ಅನುಭವಿ ರೆಫ್ರಿಗಳೂ ಗೊಂದಲ ಮಾಡಿಕೊಳ್ಳುವುದನ್ನು ನೋಡಿದ್ದೇನೆ. ರೆಫ್ರಿ ಎರಡು ಬೆರಳು ತೋರಿಸಿದ್ದಾರೆ, ನಾನು ಮೂರು ಅಂತ ಬರೆದಿದ್ದೇನೆ. ಅಥವಾ ಒಂದು ತಂಡದ ಬಾಸ್ಕೆಟನ್ನು ಇನ್ನೊಂದು ತಂಡದ ಕಾಲಮಿನಲ್ಲಿ ಹಾಕಿದ್ದೇನೆ. ಫೌಲ್ ಸಂಖ್ಯೆ, ಟೈಮ್‌ಔಟ್ ಸಂಖ್ಯೆ ತಪ್ಪಾಗಿದೆ. ಇವನ್ನು ಮುಖ್ಯ ರೆಫ್ರಿ ಶೀಟ್‌ಗೆ ಸಹಿ ಹಾಕುವವರೆಗೆ ಯಾವಾಗ ಬೇಕಾದರೂ ತಿದ್ದಬಹುದು. ಆದರೆ ರೆಫ್ರಿಯೇ ಎರಡರ ಜಾಗದಲ್ಲಿ ಮೂರು ಬೆರಳು ತೋರಿಸಿದ್ದರೆ ಅದು 44ನೇ ನಿಯಮದ ತಪ್ಪು. ಅದಕ್ಕೆ ಆ ಚಿಕ್ಕ ಗಡುವೇ. ನನ್ನ ಪಂದ್ಯದಲ್ಲಿ ಈ ಎರಡೂ ಕೂಡಿಕೊಂಡಿದ್ದವು. ಟೀಮ್ ಫೌಲ್ ಎಣಿಕೆ ಶೀಟಿನ ತಪ್ಪು, ಅದನ್ನು ಆಗಲೇ ತಿದ್ದಬಹುದಿತ್ತು. ಕೆಂಪು ಗುರುತು ಇಟ್ಟು, ಮುಂದಿನ ಫೌಲ್‌ನಿಂದ ಫ್ರೀ ಥ್ರೋ ಕೊಡಬಹುದಿತ್ತು. ಕೈತಪ್ಪಿದ ಎರಡು ಫ್ರೀ ಥ್ರೋಗೆ ಮಾತ್ರ ಬಾಗಿಲು ಮುಚ್ಚಿತ್ತು. ಕೋಚ್‌ಗೆ ಹೇಳಬೇಕಾಗಿದ್ದು ಇಷ್ಟೇ: "ಸರ್, ತಪ್ಪು ನಮ್ಮದು. ಗಡುವು ಮುಗಿದಿದೆ. ಎಣಿಕೆ ತಿದ್ದಿದ್ದೇವೆ. ವರದಿಯಲ್ಲಿ ಬರೆಯುತ್ತೇವೆ." ಅವರಿಗೆ ಸಿಟ್ಟು ಬರುತ್ತಿತ್ತು. ಬರಲೇಬೇಕು. ಆ ಸಿಟ್ಟನ್ನು ನಾವು ನುಂಗಿಕೊಳ್ಳಬೇಕಿತ್ತು. ಅದನ್ನು ಆ ಹುಡುಗಿಗೆ ದಾಟಿಸಿಬಿಟ್ಟೆವು.

ದೊಡ್ಡವರ ಆಟದಲ್ಲೂ ಇಂಥದ್ದು ಆಗಿದೆ. 2007ರ ಡಿಸೆಂಬರ್ 19ರಂದು ಅಟ್ಲಾಂಟಾದಲ್ಲಿ ಹಾಕ್ಸ್ ಮತ್ತು ಮಯಾಮಿ ಹೀಟ್ ನಡುವೆ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎಯ ಪಂದ್ಯ. ಅಲ್ಲಿ ಆರು ಫೌಲ್‌ಗೆ ಹೊರಗೆ. ಓವರ್‌ಟೈಮ್‌ನಲ್ಲಿ 51.9 ಸೆಕೆಂಡ್ ಉಳಿದಿದ್ದಾಗ ಹೀಟ್ ತಂಡದ ಶಾಕಿಲ್ ಓನೀಲ್ ಅವರನ್ನು ಆರು ಫೌಲ್ ಆಯಿತು ಅಂತ ಹೊರಗೆ ಕಳಿಸಿದರು. ನಿಜವಾಗಿ ಆಗಿದ್ದು ಐದೇ. ಟೇಬಲ್‌ನಲ್ಲಿ ಎಣಿಕೆ ತಪ್ಪಿತ್ತು. ಆಗ ಹಾಕ್ಸ್ 114-111ರಲ್ಲಿ ಮುಂದಿದ್ದರು, ಕೊನೆಗೆ 117-111ರಲ್ಲಿ ಗೆದ್ದರು. ಹೀಟ್ ದೂರು ಕೊಟ್ಟಿತು. ಆಗಿನ ಕಮಿಷನರ್ ಡೇವಿಡ್ ಸ್ಟರ್ನ್ ದೂರನ್ನು ಒಪ್ಪಿ, ಆ 51.9 ಸೆಕೆಂಡನ್ನು ಮತ್ತೆ ಆಡಿಸಬೇಕು ಅಂತ ಆದೇಶ ಮಾಡಿದರು. ಹಾಕ್ಸ್ ತಂಡಕ್ಕೆ 50,000 ಡಾಲರ್ ದಂಡ ಬಿತ್ತು. 1982ರ ನಂತರ ಎನ್‌ಬಿಎಯಲ್ಲಿ ಒಪ್ಪಿಕೊಂಡ ಮೊದಲ ದೂರು ಅದು.

ಮತ್ತೆ ಆಡಿದ್ದು 2008ರ ಮಾರ್ಚ್ 8ರಂದು. ಅಷ್ಟರಲ್ಲಿ ಓನೀಲ್ ಫೀನಿಕ್ಸ್ ತಂಡಕ್ಕೆ ಹೋಗಿಬಿಟ್ಟಿದ್ದರು. ಯಾರಿಗೆ ಅನ್ಯಾಯ ಆಗಿತ್ತೋ ಅವರೇ ಕೋರ್ಟಿನಲ್ಲಿ ಇರಲಿಲ್ಲ. 51.9 ಸೆಕೆಂಡ್ ಓಡಿತು, ಯಾರೂ ಒಂದು ಪಾಯಿಂಟ್ ಕೂಡ ಹಾಕಲಿಲ್ಲ. 114-111 ಹಾಗೇ ಉಳಿಯಿತು. ಹಣ ಇದೆ, ವಿಡಿಯೋ ಇದೆ, ವಕೀಲರಿದ್ದಾರೆ, ವಿಮಾನ ಇದೆ. ಅಂಥ ಕಡೆಯೂ ತಡವಾಗಿ ಕಂಡ ತಪ್ಪನ್ನು ಪೂರ್ತಿ ಸರಿಮಾಡಲು ಆಗಲಿಲ್ಲ. ನಾವು ಎಂಬತ್ತು ಕಿಲೋಮೀಟರ್ ದೂರದ ಊರಿನಿಂದ ಟೆಂಪೋದಲ್ಲಿ ಬಂದ ಮಕ್ಕಳನ್ನು ಎರಡು ತಿಂಗಳ ಮೇಲೆ ಮತ್ತೆ ಕರೆಸಿ ಆಡಿಸುತ್ತೇವಾ? ಆಗದ ಮಾತು.

ಮ್ಯೂನಿಕ್ ನೆನಪಾಗುತ್ತದೆ. 1972ರ ಒಲಿಂಪಿಕ್ಸ್ ಫೈನಲ್, ಅಮೆರಿಕ ಮತ್ತು ಸೋವಿಯತ್ ಒಕ್ಕೂಟ. ಮೂರು ಸೆಕೆಂಡ್ ಉಳಿದಿದ್ದಾಗ ಡಗ್ ಕಾಲಿನ್ಸ್ ಎರಡು ಫ್ರೀ ಥ್ರೋ ಹಾಕಿ ಅಮೆರಿಕವನ್ನು 50-49ಕ್ಕೆ ಮುಂದೆ ತಂದರು. ಎರಡನೇ ಫ್ರೀ ಥ್ರೋ ಹೊತ್ತಿಗೆ ಟೇಬಲ್‌ನಿಂದ ಹಾರ್ನ್ ಬಂತು. ಸೋವಿಯತ್ ಕಡೆಯವರು ತಾವು ಕೇಳಿದ ಟೈಮ್‌ಔಟ್ ಕೊಡಲಿಲ್ಲ ಅಂತ ಟೇಬಲ್‌ಗೆ ಬಂದರು. ಆಟ ನಿಂತಿತು. ಫಿಬಾದ ಕಾರ್ಯದರ್ಶಿ ವಿಲಿಯಂ ಜೋನ್ಸ್ ಪ್ರೇಕ್ಷಕರ ಕಡೆಯಿಂದ ಇಳಿದುಬಂದು ಗಡಿಯಾರವನ್ನು ಮೂರು ಸೆಕೆಂಡ್‌ಗೆ ಇಡಿ ಅಂದರು. ಆಟದ ನಡುವೆ ಹಾಗೆ ಹೇಳುವ ಅಧಿಕಾರ ಅವರಿಗೆ ಇರಲಿಲ್ಲ. ಗಡಿಯಾರ ಸರಿಯಾಗಿ ಇಡುವ ಮೊದಲೇ ಬಾಲ್ ಒಳಗೆ ಬಂತು, ಹಾರ್ನ್ ಆಯಿತು, ಅಮೆರಿಕದವರು ಕುಣಿದಾಡಿದರು. ಮತ್ತೆ ಮೂರು ಸೆಕೆಂಡ್. ಈ ಸಲ ಇವಾನ್ ಎಡೆಶ್ಕೊ ಕೋರ್ಟಿನ ಒಂದು ತುದಿಯಿಂದ ಎಸೆದ ಬಾಲನ್ನು ಅಲೆಕ್ಸಾಂಡರ್ ಬೆಲೋವ್ ಹಿಡಿದು ಬಾಸ್ಕೆಟ್ ಮಾಡಿದರು. 51-50. ಅಮೆರಿಕದ ದೂರನ್ನು ಐದು ಜನರ ಸಮಿತಿ 3-2 ಮತದಲ್ಲಿ ತಳ್ಳಿಹಾಕಿತು. ಅಮೆರಿಕದ ಆಟಗಾರರು ಬೆಳ್ಳಿ ಪದಕ ಮುಟ್ಟಲಿಲ್ಲ.

ಈ ಕಥೆಯಲ್ಲಿ ಎಲ್ಲರೂ ಆಟಗಾರರ ಬಗ್ಗೆ ಮಾತಾಡುತ್ತಾರೆ. ನಾನು ಟೇಬಲ್‌ನವಳು, ನನ್ನ ಕಣ್ಣು ಬೇರೆ ಕಡೆ ಹೋಗುತ್ತದೆ. ಬ್ರೆಜಿಲ್‌ನ ರೆಫ್ರಿ ರೆನಾಟೊ ರಿಗೆಟ್ಟೊ ಆ ಪಂದ್ಯದ ಸ್ಕೋರ್‌ಶೀಟ್‌ಗೆ ಸಹಿ ಹಾಕಲು ಒಪ್ಪಲಿಲ್ಲ. ಇದನ್ನು ಓದಿದ ದಿನದಿಂದ ಆ ಸಹಿ ಅನ್ನುವುದು ನನಗೆ ಬೇರೆಯೇ ಆಗಿ ಕಾಣುತ್ತದೆ. ನಮ್ಮಲ್ಲಿ ಮುಂದಿನ ಪಂದ್ಯದ ತಂಡ ವಾರ್ಮ್‌ಅಪ್ ಮಾಡುತ್ತಿರುತ್ತದೆ, ಬೆಳಕು ಹೋಗುತ್ತಿರುತ್ತದೆ, ಆಯೋಜಕರು "ಬೇಗ ಬೇಗ" ಅನ್ನುತ್ತಿರುತ್ತಾರೆ. ರೆಫ್ರಿ ನಿಂತಲ್ಲೇ, ಶೀಟ್ ಕಡೆ ನೋಡದೆ ಗೀಚಿ ಹೋಗುತ್ತಾರೆ. ಆ ಒಂದು ಗೀಚಿಗೆ ಪಂದ್ಯದ ಕೊನೆಯ ಬಾಗಿಲೂ ಮುಚ್ಚುತ್ತದೆ. ಸಹಿಗೆ ಮೊದಲು ಐದು ನಿಮಿಷ ಕೊಡಿ ಅಂತ ಕೈಮುಗಿದು ಕೇಳುತ್ತೇನೆ. ಕೂತುಕೊಳ್ಳಿ, ನೀರು ಕುಡಿಯಿರಿ. ನಾನು ಕಾಲಂ ಓದುತ್ತೇನೆ, ನೀವು ಕೂಡಿಸಿ. ಪ್ರತಿ ಕ್ವಾರ್ಟರ್ ಮುಗಿದಾಗಲೂ ಶೀಟಿನ ಸ್ಕೋರ್ ಮತ್ತು ಬೋರ್ಡಿನ ಸ್ಕೋರ್ ಒಂದೇನಾ ಅಂತ ಒಂದು ಸಲ ನೋಡಿದರೆ ಕೊನೆಗೆ ಐದು ನಿಮಿಷ ಕೂಡ ಬೇಕಾಗುವುದಿಲ್ಲ.

ಇನ್ನೊಂದು ಮಾತು ಟೇಬಲ್‌ನಲ್ಲಿ ಕೂರುವ ಚಿಕ್ಕವರಿಗೆ. ನಮ್ಮ ಟೂರ್ನಿಗಳಲ್ಲಿ ಸ್ಕೋರ್ ಬರೆಯುವವರು ಹೆಚ್ಚಾಗಿ ಕಾಲೇಜು ಹುಡುಗ ಹುಡುಗಿಯರು. ರೆಫ್ರಿ ಅವರದೇ ಮೇಷ್ಟ್ರು ಆಗಿರುತ್ತಾರೆ, ಇಲ್ಲ ಕೋಚ್ ಆಗಿರುತ್ತಾರೆ. ತಪ್ಪು ಕಂಡರೂ ಬಾಯಿ ಬರುವುದಿಲ್ಲ. "ಸರ್ ಬೈತಾರೆ" ಅಂತ ಸುಮ್ನೆ ಕೂತುಬಿಡುತ್ತಾರೆ. ಆದರೆ ನಿಯಮ ಏನು ಹೇಳುತ್ತದೆ ಗೊತ್ತಾ? 44ನೇ ನಿಯಮದ ತಪ್ಪನ್ನು ರೆಫ್ರಿ ಗಮನಿಸಿದರೂ ಆಯಿತು, ಟೇಬಲ್‌ನವರು ಗಮನಿಸಿದರೂ ಆಯಿತು. ನಿಮ್ಮ ಕಣ್ಣಿಗೆ ಅಷ್ಟೇ ಬೆಲೆ ಇದೆ. ಆಟ ನಡೆಯುತ್ತಿದ್ದರೆ ಬಾಲ್ ಡೆಡ್ ಆಗುವವರೆಗೆ ಕಾಯಿರಿ, ಡೆಡ್ ಆದ ತಕ್ಷಣ ಹಾರ್ನ್ ಒತ್ತಿ, "ಸರ್, ಒಂದ್ನಿಮಿಷ ಬನ್ನಿ" ಅನ್ನಿ. ನಂತರ ನಿಮ್ಮ ಅನುಮಾನ ತಪ್ಪು ಅಂತ ಆದರೂ ಪರವಾಗಿಲ್ಲ. ಮೂವತ್ತು ಸೆಕೆಂಡ್ ಹೋಗುತ್ತದೆ, ಅಷ್ಟೇ. ರೆಫ್ರಿಗಳೇ, ಹಾಗೆ ಕರೆದ ಮಗುವಿನ ಮೇಲೆ ದಯವಿಟ್ಟು ಕಣ್ಣು ಕೆಂಪಗೆ ಮಾಡಬೇಡಿ. ಒಂದು ಸಲ ಗದರಿಸಿದರೆ ಆ ಟೂರ್ನಿ ಮುಗಿಯುವವರೆಗೆ ಆ ಕೈ ಹಾರ್ನ್ ಮುಟ್ಟುವುದಿಲ್ಲ. ಪಂದ್ಯಕ್ಕೆ ಮೊದಲು ನೀವೇ ಟೇಬಲ್‌ಗೆ ಬಂದು, "ಏನಾದ್ರೂ ಅನುಮಾನ ಬಂದ್ರೆ ಕರೀಮ್ಮಾ" ಅಂತ ಒಂದು ಮಾತು ಹೇಳಿ. ಆ ಒಂದು ಮಾತು ಹೇಳುವ ರೆಫ್ರಿಗಳ ಪಂದ್ಯದಲ್ಲಿ ಶೀಟ್ ಎಷ್ಟು ಅಚ್ಚುಕಟ್ಟಾಗಿರುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಕೋಚ್‌ಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಬಾಲ್ ಡೆಡ್ ಆಗಿ ಗಡಿಯಾರ ನಿಂತಿದ್ದಾಗ ಟೇಬಲ್ ಹತ್ತಿರ ಬಂದು ಫೌಲ್, ಸ್ಕೋರ್ ಕೇಳಲು ನಿಮಗೆ ಅವಕಾಶ ಇದೆ. ಸಮಾಧಾನವಾಗಿ ಕೇಳಿ, ಬೇಗ ಕೇಳಿ. ಹಳದಿ ತಂಡದ ಕೋಚ್ ಆ ಒಂದೂವರೆ ನಿಮಿಷ ಮೊದಲೇ ಬಂದಿದ್ದರೆ ಅನ್ನಿಸುತ್ತದೆ. ಸ್ಕೋರ್ ಅಥವಾ ಗಡಿಯಾರದ ತಪ್ಪನ್ನು ಕೇಳಿದರೂ ತಿದ್ದಲಿಲ್ಲ ಅಂತಾದರೆ, ಆಟ ಮುಗಿದ 15 ನಿಮಿಷದೊಳಗೆ ನಿಮ್ಮ ಕ್ಯಾಪ್ಟನ್ ರೆಫ್ರಿಗೆ ಹೇಳಿ ಶೀಟ್‌ನಲ್ಲಿ ಅದಕ್ಕೆಂದೇ ಇರುವ ಜಾಗದಲ್ಲಿ ಸಹಿ ಹಾಕಬೇಕು, 1 ಗಂಟೆಯೊಳಗೆ ಕಾರಣ ಬರೆದು ಕೊಡಬೇಕು ಅನ್ನುವುದು ಫಿಬಾ ಕ್ರಮ. ಇದು ಗೊತ್ತಿಲ್ಲದೆ ಟೇಬಲ್ ಗುದ್ದಿ ಕೂಗಾಡುವವರನ್ನು ಜಾಸ್ತಿ ನೋಡಿದ್ದೇನೆ. ಗೊತ್ತಿದ್ದು ಕ್ಯಾಪ್ಟನ್ ಹುಡುಗಿಯನ್ನು ಕಳಿಸಿದವರು ತೀರಾ ಕಡಿಮೆ.

ಮತ್ತೆ ರೆಫ್ರಿಗಳ ಕಡೆಗೇ ಬರುತ್ತೇನೆ. ಗಡುವು ಮುಗಿದ ತಪ್ಪು ಕೈಗೆ ಬಂದಾಗ ಏನು ಮಾಡಬೇಕು ಅನ್ನುವುದಕ್ಕೆ ನಾನು ಕೇಳುವುದು ಸ್ವಲ್ಪವೇ. ಎರಡೂ ಕೋಚ್‌ಗಳನ್ನು ಒಟ್ಟಿಗೆ ಕರೆಯಿರಿ. ಒಬ್ಬರ ಕಿವಿಯಲ್ಲಿ ಹೇಳಿದರೆ ಇನ್ನೊಬ್ಬರಿಗೆ ಅನುಮಾನ ಹುಟ್ಟುತ್ತದೆ. ಏನು ತಪ್ಪಾಯಿತು, ಈಗ ಯಾಕೆ ತಿದ್ದಲು ಆಗುವುದಿಲ್ಲ, ಎರಡು ವಾಕ್ಯದಲ್ಲಿ ಹೇಳಿ. ಶೀಟಿನ ಹಿಂದೆ ಬರೆಯಿರಿ, ಸಮಯದ ಸಮೇತ. ಆಮೇಲೆ ಮುಂದಿನ ವಿಸಲನ್ನು ಮುಂದೆ ನಡೆದದ್ದಕ್ಕೇ ಊದಿ. ಹಿಂದಿನದಕ್ಕಲ್ಲ.

ಮೇಲಿನವರಿಗೂ ಒಂದು ಮಾತಿದೆ. ಎನ್‌ಬಿಎ 2015ರಿಂದ ಕಡಿಮೆ ಅಂತರದ ಪಂದ್ಯಗಳ ಕೊನೆಯ ಎರಡು ನಿಮಿಷದ ತೀರ್ಪುಗಳನ್ನು ಪರಿಶೀಲಿಸಿ, ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಬಹಿರಂಗವಾಗಿ ಪ್ರಕಟಿಸುತ್ತದೆ. ಫಲಿತಾಂಶ ಬದಲಾಗುವುದಿಲ್ಲ. ಆದರೂ ಒಪ್ಪಿಕೊಳ್ಳುತ್ತದೆ. ನಮಗೆ ಅಷ್ಟು ಕ್ಯಾಮೆರಾ ಇಲ್ಲ. ಟೂರ್ನಿ ಮುಗಿದ ಮೇಲೆ ಆ ಶೀಟುಗಳ ಹಿಂದೆ ಬರೆದಿದ್ದನ್ನು ಓದಲು ಒಂದು ಮಧ್ಯಾಹ್ನ ಇಟ್ಟುಕೊಳ್ಳಲು ಕ್ಯಾಮೆರಾ ಬೇಕಾಗಿಲ್ಲ. ಯಾರ ಹೆಸರೂ ಬೇಡ, ಯಾರನ್ನೂ ಪ್ಯಾನೆಲ್‌ನಿಂದ ತೆಗೆಯುವುದು ಬೇಡ. ಬರೆದರೆ ಶಿಕ್ಷೆ ಅಂತಾದರೆ ಯಾರೂ ಬರೆಯುವುದಿಲ್ಲ. ಯಾವ ತಪ್ಪು ಮತ್ತೆ ಮತ್ತೆ ಆಗುತ್ತಿದೆ ಅಂತ ನೋಡಿ, ರೆಫ್ರಿಗಳ ಮುಂದಿನ ತರಬೇತಿ ಕ್ಲಿನಿಕ್‌ನಲ್ಲಿ ಅದನ್ನು ಹೇಳಿಕೊಟ್ಟರೆ ಸಾಕು.

ಎರಡು ಪಾಯಿಂಟಿಗೆ ಇಷ್ಟೆಲ್ಲ ಯಾಕೆ ಅಂತ ಕೇಳುವವರೂ ಇದ್ದಾರೆ. 2017ರಲ್ಲಿ ಬೆಂಗಳೂರಿನ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ನಮ್ಮ ಹೆಣ್ಣುಮಕ್ಕಳು ಮಹಿಳಾ ಏಷ್ಯಾ ಕಪ್‌ನ ಬಿ ಡಿವಿಷನ್ ಫೈನಲ್‌ನಲ್ಲಿ ಕಜಕಿಸ್ತಾನವನ್ನು ಸೋಲಿಸಿದ್ದು 75-73ರಲ್ಲಿ. ಎರಡೇ ಪಾಯಿಂಟ್. ಅದರಿಂದ ಭಾರತ ಎ ಡಿವಿಷನ್‌ಗೆ ಏರಿತು. 2019ರಲ್ಲಿ ಅದೇ ಕ್ರೀಡಾಂಗಣದಲ್ಲಿ ಏಷ್ಯಾದ ಬಲಿಷ್ಠ ತಂಡಗಳ ಎದುರು ಆಡಿತು. ಎರಡು ಫ್ರೀ ಥ್ರೋ ಅಂದರೆ ಅಷ್ಟು ಭಾರ. ಆ ಮಟ್ಟಕ್ಕೆ ಹೋಗುವ ಮಕ್ಕಳು ಮೊದಲು ಆಡುವುದು ನಮ್ಮ ತಾಲೂಕು ಕೋರ್ಟುಗಳಲ್ಲಿ, ನಮ್ಮ ವಿಸಲ್ ಕೇಳಿಕೊಂಡು. ನೆಟ್ಟಗೆ ನಿಂತು ಕೈ ಎತ್ತಿ ಡಿಫೆನ್ಸ್ ಮಾಡಬೇಕು ಅಂತ ಅವರಿಗೆ ಕೋಚ್ ಹೇಳಿಕೊಟ್ಟಿರುತ್ತಾರೆ. ಹಾಗೆ ನಿಂತವಳಿಗೇ ಫೌಲ್ ಕೊಟ್ಟರೆ ಅವಳು ಮುಂದಿನ ಸಲ ಏನು ಮಾಡಬೇಕು?

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅಂತ ನಮ್ಮಜ್ಜಿ ಹೇಳುತ್ತಿದ್ದರು. ನನ್ನದು ಹಾಗೇ ಆಗಿದೆ, ಒಪ್ಪುತ್ತೇನೆ. ಅದಕ್ಕೇ ಒಂದು ಕೆಲಸ ಮಾಡಿದ್ದೇನೆ. 44ನೇ ನಿಯಮ, ಶೀಟಿನ ತಪ್ಪು, ಆ್ಯರೋ ತಪ್ಪು, ಆರು ಆಟಗಾರರ ತಪ್ಪು ಇವಿಷ್ಟನ್ನೂ ಆಡುಮಾತಿನ ಕನ್ನಡದಲ್ಲಿ ಒಂದೇ ಪುಟಕ್ಕೆ ಬರೆದಿದ್ದೇನೆ. ಒಂದು ಕಡೆ 'ಇನ್ನೂ ತಿದ್ದಬಹುದು', ಇನ್ನೊಂದು ಕಡೆ 'ಗಡುವು ಮುಗಿದಿದೆ'. ಟೇಬಲ್ ಮೇಲೆ ಟೇಪ್ ಹಚ್ಚಿ ಅಂಟಿಸಿದರೆ ಗಾಳಿಗೆ ಹಾರುವುದಿಲ್ಲ. ನಿಯಮ ಚೆನ್ನಾಗಿ ಬಲ್ಲ ಹಿರಿಯ ರೆಫ್ರಿಗಳು ಅದನ್ನು ಒಮ್ಮೆ ಓದಿ ತಿದ್ದಿಕೊಡಬೇಕು. ನಾನು ಬರೆದಿದ್ದರಲ್ಲೂ ತಪ್ಪು ಉಳಿದಿರಬಹುದು. ಈ ದಸರಾ ರಜೆ ಮುಗಿದ ಮೇಲೆ ಶುರುವಾಗುವ ಪಂದ್ಯಗಳ ಹೊತ್ತಿಗೆ ಅದು ತಯಾರಾದರೆ, ನಾನು ಕೂರುವ ಪ್ರತಿ ಟೇಬಲ್‌ಗೂ ಒಂದು ಪ್ರತಿ ತರುತ್ತೇನೆ. ಬೇರೆ ಊರಿನವರು ಕೇಳಿದರೆ ಅವರಿಗೂ ಕಳಿಸುತ್ತೇನೆ.

ಆ ನೀಲಿ ಜೆರ್ಸಿಯ ಹುಡುಗಿಗೆ ಈಗ ಇಪ್ಪತ್ತೈದು, ಇಪ್ಪತ್ತಾರು ವರ್ಷ ಇರಬೇಕು. ಅವಳು ಎಲ್ಲಿದ್ದಾಳೆ ಅಂತ ನನಗೆ ಗೊತ್ತಿಲ್ಲ. ಈ ಪತ್ರ ಅವಳ ಕಣ್ಣಿಗೆ ಬಿದ್ದರೆ: ನೀನೇನೂ ಮಾಡಿರಲಿಲ್ಲ ಪುಟ್ಟಾ. ಅವತ್ತೇ ಹೇಳಬೇಕಿತ್ತು.

ಇಂತಿ,
ಟೇಬಲ್‌ನಲ್ಲಿ ಕೂತು ಸ್ಕೋರ್ ಬರೆಯುವವಳು